ಕಾಲು ಲೋಟ ನೀರು

ಬಾಣಂತನ ಮಾಡಿದರೆ ಸಾವಂತ್ರವ್ವ ಮಾಡಬೇಕು ಎಂದು ಖಾನಾಪುರದ ಆ ಓಣಿಯಲ್ಲಿ ಹೆಸರಿತ್ತು. ಸೊಸೆಯಂದಿರದು, ದೊಡ್ಡ ಮಗಳದು, ನಾದಿನಿಯದು ಎಂದು ಏಳು ಬಾಣಂತನಗಳು ಆಕೆಯ ಕೈಯಲ್ಲಿ ಆಗಿದ್ದವು. ಒಬ್ಬಳಿಗೂ ನಂಜೇರಿರಲಿಲ್ಲ. ಈಗ ಎಂಟನೆಯದು, ಕಿರಿಯ ಮಗಳು ಪ್ರಮಿಳಾಳದು. ಬೆಳಗಾವಿಯ ಆಸ್ಪತ್ರೆಯಿಂದ ಆರು ದಿನದ ಹೆಣ್ಣುಕೂಸನ್ನು ಎತ್ತಿಕೊಂಡು ಅವಳು ತವರಿಗೆ ಬಂದಿಳಿದಿದ್ದಳು.

ಆದರೆ ಪ್ರಮಿಳಾಳ ಹೊಟ್ಟೆ ಉಳಿದವರ ಹೊಟ್ಟೆಯಂತಿರಲಿಲ್ಲ. ಮದುವೆಯಾದ ವರ್ಷವೇ ಮಲದಲ್ಲಿ ರಕ್ತ ಬೀಳತೊಡಗಿ, ನಾಲ್ಕು ವರ್ಷ ಯಾವ ಔಷಧಕ್ಕೂ ಬಗ್ಗದೆ, ಕಡೆಗೆ ಡಾಕ್ಟರರು ಹುಣ್ಣಾದ ದೊಡ್ಡ ಕರುಳನ್ನು ಪೂರಾ ತೆಗೆದುಹಾಕಿದ್ದರು. ಸಣ್ಣ ಕರುಳಿನ ತುದಿಯನ್ನು ಹೊಕ್ಕುಳದ ಬಲಕ್ಕೆ ಹೊರಗೆ ತಂದು ಹೊಲಿದಿದ್ದರು. ಮಲ ಅಲ್ಲಿಂದ ತಾನಾಗಿ ಬಂದು ಮೇಲೆ ಅಂಟಿಸಿದ ಚೀಲದಲ್ಲಿ ಬೀಳುತ್ತಿತ್ತು. ಬಸಿರಾದ ಸುದ್ದಿ ಕೇಳಿದಾಗ ಹಿಂಡಲಗಾದ ಬೀಗತಿ ಸತ್ಯವ್ವ, ಕರುಳು ಹೊರಗಿಟ್ಟುಕೊಂಡಾಕಿ ಕೂಸನ್ನ ಎಲ್ಲಿ ಇಟ್ಟುಕೊಂತಾಳ ಎಂದು ನಾಲ್ಕು ಜನರೆದುರು ಅಂದಿದ್ದಳು. ಆ ಮಾತು ಸಾವಂತ್ರವ್ವನ ಎದೆಯಲ್ಲಿ ನೆಟ್ಟಿತ್ತು. ಮಗಳು ಮೂರು ತಿಂಗಳಿಗೆ ಮೈತುಂಬಿಕೊಂಡು, ಕೂಸಿಗೆ ಹಾಲು ಕುಡಿಸುತ್ತ ಆ ಮನೆಯ ಹೊಸ್ತಿಲು ದಾಟಬೇಕು. ಆಕೆಗೆ ಬೇಕಾದದ್ದು ಅಷ್ಟೇ.

ಆದರೆ ಏನು ಮಾಡಲು ಹೋದರೂ ಚೀಲ ಅಡ್ಡ ಬರುತ್ತಿತ್ತು. ಹಳೆಯ ಸೀರೆಯಿಂದ ಹೊಟ್ಟೆ ಬಿಗಿದು ಕಟ್ಟುವಂತಿಲ್ಲ. ಎಣ್ಣೆ ತಿಕ್ಕಿ ಹಂಡೆಗಟ್ಟಲೆ ಸುಡುನೀರು ಹೊಯ್ಯುವಂತಿಲ್ಲ. ಹೊರಸಿನ ಕೆಳಗೆ ಕೆಂಡವಿಟ್ಟರೆ ಬೆವೆತು ಚೀಲದ ಅಂಟು ಬಿಡುತ್ತದೆ. ಎರೆಯಲು ಬರುವ ಕಾಶವ್ವನಿಗೆ ಕೂಸನ್ನಷ್ಟೇ ಕೊಟ್ಟು, ತಾಯಿಗೆ ನಾನೇ ಎರೆಯುತ್ತೇನೆ ಎಂದು ಸಾವಂತ್ರವ್ವ ಕೋಣೆಯ ಬಾಗಿಲು ಹಾಕಿಕೊಂಡಳು.

"ಅಲ್ಲಬೇ, ಮಗಳ ಮೈಗೆ ಬಂಗಾರದ ತಗಡ ಹೊಡಿಸೀಯೇನ? ಇಷ್ಟ ಮುಚ್ಚಿಡ್ತಿ" ಎಂದು ಕಾಶವ್ವ ನಕ್ಕಳು. ಸಾವಂತ್ರವ್ವನೂ ನಕ್ಕಂತೆ ಮಾಡಿದಳು.

ಬಾಣಂತನದ ಕಟ್ಟುಗಳು ಒಂದೊಂದಾಗಿ ಕೈಬಿಟ್ಟು ಹೋದ ಮೇಲೆ ಆಕೆಯ ಕೈಯಲ್ಲಿ ಉಳಿದದ್ದು ಉಣ್ಣುವುದು, ಕುಡಿಯುವುದು. ಅದನ್ನೇ ಗಟ್ಟಿಯಾಗಿ ಹಿಡಿದಳು. ಅನ್ನ, ತುಪ್ಪ, ಬೆಳ್ಳುಳ್ಳಿ, ಮೆಣಸಿನ ಪುಡಿ. ಅಜವಾನ ಹಾಕಿ ಕುದಿಸಿದ ನೀರು ಹೊತ್ತಿಗೆ ಕಾಲು ಲೋಟ. ಹಸಿಮೈಗೆ ನೀರು ನಂಜು. ಆಕೆಯ ತಾಯಿ ಆಕೆಗೆ ಹಾಗೆಯೇ ಮಾಡಿದ್ದಳು. ಹೊತ್ತುಹೊತ್ತಿಗೆ ಉಪ್ಪು ಸಕ್ಕರೆ ಕಲಸಿದ ನೀರು, ದಿನಕ್ಕೆ ಮೂರು ಲೀಟರ್ ಆದರೂ ಹೋಗಬೇಕು ಎಂದು ಅಳಿಯ ಬಾಳೇಶ ಫೋನಿನಲ್ಲಿ ಎರಡು ಸಲ ಹೇಳಿದ್ದ. ಹೂಂ ಅಂದಿದ್ದಳು. ಗಂಡಸರಿಗೆ ಬಾಣಂತನದ್ದು ಏನು ತಿಳಿದೀತು!

ತವರಿಗೆ ಬಂದ ಮೂರನೆಯ ದಿನ ಚೀಲಕ್ಕೆ ಬರುವುದು ತೆಳ್ಳಗಾಯಿತು, ಬರೀ ನೀರಿನಂತೆ. ಗಳಿಗೆಗೊಮ್ಮೆ ತುಂಬುತ್ತಿತ್ತು. ಸಾವಂತ್ರವ್ವ ಯೋಚಿಸಿದಳು. ಕುಡಿದದ್ದೆಲ್ಲ ನಿಲ್ಲದೆ ಹೊರಗೆ ಹರಿಯುತ್ತಿದೆ. ಒಳಗೆ ಕಡಿಮೆ ಹೋದರೆ ಹೊರಗೂ ಕಡಿಮೆ ಬಂದೀತು. ಕಾಲು ಲೋಟವನ್ನು ನಾಲ್ಕು ಗುಟುಕಿಗೆ ಇಳಿಸಿದಳು. ಹೊರಸಿನ ಬಳಿಯಿದ್ದ ತಂಬಿಗೆಯನ್ನು ಅಡಿಗೆಮನೆಗೆ ಒಯ್ದಳು.

"ಯವ್ವಾ, ಗಂಟಲ ಒಣಗಾಕತ್ತೈತಿ. ಡಾಕ್ಟರ ಕುಡೀ ಅಂದಾರ."

"ಹದಿನೈದ ದಿನ ತಡಿ ನನ್ನವ್ವಾ. ಏಳ ಮಂದೀನ ಎಬ್ಬಿಸಿ ನಿಲ್ಲಿಸೇನಿ, ನಿನ್ನ ಕೆಡಸ್ತೀನೇನ?"

ಪ್ರಮಿಳಾ ಮತ್ತೆ ಕೇಳಲಿಲ್ಲ. ಆಪರೇಷನ್ ಆದ ಹೊಸದರಲ್ಲಿ ಗಂಡ ಕೂಡ ನೋಡಲು ಅಳುಕುತ್ತಿದ್ದ ಆ ಚೀಲವನ್ನು ಎರಡು ತಿಂಗಳು ಮುಖ ಸಿಂಡರಿಸದೆ ತೊಳೆದವಳು ಅವ್ವ. ಅಂಥವಳ ಮಾತು ಮೀರುವುದು ಹೇಗೆ?

ಆರನೆಯ ದಿನ ಮೀನಖಂಡ ಸೆಟೆದುಕೊಂಡವು. ಏಳನೆಯ ದಿನ ಕೂಸು ಮೊಲೆ ಚೀಪಿ ಚೀಪಿ ಅತ್ತಿತು. ಎಂಟನೆಯ ದಿನ ಪ್ರಮಿಳಾ ಬಚ್ಚಲಿಗೆಂದು ಎದ್ದವಳು ಬಾಗಿಲಲ್ಲೇ ಕುಸಿದಳು. ಕಣ್ಣು ಗುಳಿಬಿದ್ದು ತುಟಿ ಒಡೆದಿದ್ದವು.

ಬೆಳಗಾವಿಯಲ್ಲಿ ಎರಡು ಸಲ ಡಯಾಲಿಸಿಸ್ ಆಯಿತು. ಆಸ್ಪತ್ರೆ ಸೇರಿದ ಐದನೆಯ ದಿನ ವಾರ್ಡಿಗೆ ತಂದರು. ಹಾಲು ಪೂರಾ ಹಿಂಗಿತ್ತು. ಕಿಡ್ನಿ ಮೊದಲಿನಂತೆ ಆಗುತ್ತದೆಂದು ಈಗಲೇ ಹೇಳಲಾಗದು ಎಂದರು ಡಾಕ್ಟರಮ್ಮ. ದೊಡ್ಡ ಕರುಳಿಲ್ಲದ ಮೈಯಲ್ಲಿ ನೀರೂ ಉಪ್ಪೂ ನಿಲ್ಲುವುದಿಲ್ಲ, ಅಷ್ಟು ತಿಳಿಸಿ ಹೇಳಿದ್ದರೂ ನೀರು ಕುಡಿಯುವುದು ಬಿಟ್ಟದ್ದು ಯಾಕೆ ಎಂದು ಕೇಳಿದರು. ಹಾಸಿಗೆಯ ಸುತ್ತ ಬಾಳೇಶ, ಕೂಸನ್ನೆತ್ತಿಕೊಂಡ ಸತ್ಯವ್ವ, ಗೋಡೆಗೆ ಒರಗಿ ಸಾವಂತ್ರವ್ವ.

"ನಾನ ಬಿಟ್ನಿರಿ" ಎಂದಳು ಪ್ರಮಿಳಾ, ಯಾರನ್ನೂ ನೋಡದೆ. "ಚೀಲ ಪದೇ ಪದೇ ತುಂಬತಿತ್ರಿ. ಬ್ಯಾಸರಾತು."

ಡಾಕ್ಟರಮ್ಮ ಅದನ್ನೇ ಬರೆದುಕೊಂಡರು. ಸತ್ಯವ್ವ ಮಗನ ಕಡೆ ತಿರುಗಿದಳು. "ತನ್ನ ಜೀವದ ಖಬರ ಇಲ್ದಾಕಿ ಕೂಸಿನ ಜೀವ ಏನ ಕಾದಾಳು? ಇದು ನನ್ನ ಕಡೆ ಬೆಳೀಲಿ. ಆಕಿ ತವರಾಗ ಇರ್ಲಿ."

ಬಾಳೇಶ ಬೇಡ ಅನ್ನಲಿಲ್ಲ. ತಲೆ ಕೆಳಗೆ ಹಾಕಿದ.

ಸಾವಂತ್ರವ್ವ ಕೂಸಿನ ಕಡೆ ನೋಡಿದಳು. ಸುಮ್ಮನಿದ್ದರೆ ತನ್ನ ಹೆಸರು ಉಳಿಯುತ್ತದೆ. ಮಗಳೂ ತನ್ನ ಬಳಿ ಉಳಿಯುತ್ತಾಳೆ, ಕೂಸಿಲ್ಲದೆ.

"ಆಕಿ ಸುಳ್ಳ ಹೇಳ್ಯಾಳ್ರಿ ಅಳಿಯಾರ" ಎಂದಳು. "ಆಕಿ ಬೇಡಿದ್ಲು. ನಾನ ಕೊಡ್ಲಿಲ್ಲ. ತಂಬಿಗಿ ತಗದಿಟ್ಟಾಕಿ ನಾನ."

ಬಾಳೇಶ ಕೂಗಾಡಲಿಲ್ಲ. ತಾಯಿ ಕೂಸು ಇಬ್ಬರೂ ಹಿಂಡಲಗಾದಲ್ಲೇ ಇರುತ್ತಾರೆ, ಇನ್ನು ಖಾನಾಪುರಕ್ಕೆ ಕಳಿಸುವುದಿಲ್ಲ ಎಂದಷ್ಟೇ ಹೇಳಿ, ಔಷಧದ ಚೀಟಿ ಹಿಡಿದು ಹೊರಗೆ ಹೋದ.

ಸಾವಂತ್ರವ್ವ ಹಾಸಿಗೆಯ ಬಳಿ ಬಂದಳು. ಪ್ರಮಿಳಾ ಕಣ್ಣು ಮುಚ್ಚಿಕೊಂಡೇ ಇದ್ದಳು. ಹಾಗೆಯೇ ಮೆಲ್ಲಗೆ ಕೇಳಿದಳು.

"ಯಾಕ ಹೇಳಿದಿ ಯವ್ವಾ? ಇನ್ನ ಆ ಮನ್ಯಾಗ ನನಗ ಸಾಕಾದಾಗ ನಾ ಎಲ್ಲಿಗೆ ಬರ್ಲಿ?"

ಕೂಸು ಎಚ್ಚರಾಗಿ ಅಳತೊಡಗಿತು. ರೂಢಿಯಂತೆ ಸಾವಂತ್ರವ್ವನ ಎರಡೂ ಕೈ ಮುಂದೆ ಚಾಚಿದವು. ಸತ್ಯವ್ವ ಕೂಸನ್ನು ಎದೆಗೆ ಅವಚಿಕೊಂಡು, ಬಾಟಲಿ ಹುಡುಕುತ್ತ ಕಿಟಕಿಯ ಕಡೆ ಸರಿದಳು.