ಹರಕತ್ ಇಲ್ರಿ

"ಏ ಬೋಳಿಮಗನ, ಏಳಲೇ ಖುರ್ಚಿ ಮ್ಯಾಲಿಂದ! ನಿಮ್ಮಪ್ಪನ ಲಗ್ನಕ್ಕ ಬಂದೀಯೇನು?"

ಸರ್ಕಾರಿ ಆಫೀಸಿನ ಶಿಪಾಯಿ ಹೇಳಿದ್ದರಲ್ಲಿ ಅರ್ಧ ಖರೆ ಇತ್ತು. ಅದು ಲಗ್ನದ ಜಾಗವೇ, ಅಕ್ಕಲಕೋಟೆಯ ಒಂದು ಮಂಗಲ ಕಾರ್ಯಾಲಯ. ಹಿಂದಿನ ದಿನ ಅಲ್ಲಿ ಯಾರಿಗೋ ಅಕ್ಷತೆ ಬಿದ್ದಿತ್ತು, ಅಕ್ಕಿಕಾಳು ಇನ್ನೂ ಅಂಗಾಲಿಗೆ ಹತ್ತುತ್ತಿದ್ದವು. ಖುರ್ಚಿಗಳ ಬಿಳಿ ಗವಸು ಬಿಚ್ಚಿರಲಿಲ್ಲ. ವೇದಿಕೆಯ ಮೇಲೆ ಮದುಮಗ ಕೂಡುವ ಕೆಂಪು ಮಖಮಲ್ಲಿನ ಸಿಂಹಾಸನದಲ್ಲಿ ಸರ್ಕಾರದ ಸಾಹೇಬರು ಕೂತಿದ್ದರು. ಪಕ್ಕದಲ್ಲಿ ಮದುಮಗಳ ಸಿಂಹಾಸನ, ಅದರಲ್ಲಿ ಸೊಲ್ಲಾಪುರದ ಪರಾಗ ಶೇಠ. ಜೋಡಿ ಚೆನ್ನಾಗಿ ಒಪ್ಪಿತ್ತು.

ನಾನು ಎದ್ದೆ. ಬಿಳಿ ಗವಸಿನ ಮೇಲೆ ಅಂಗೈಯಗಲ ನೇರಳೆ ಗುರುತು ಬಿದ್ದಿತ್ತು. ಶಿಪಾಯಿ ಅದನ್ನು ಉಗುಳು ಹಚ್ಚಿ ಉಜ್ಜಿದ. ಗುರುತು ಎರಡು ಅಂಗೈಯಗಲ ಆಯಿತು.

ತಪ್ಪು ನನ್ನದೇ. ಸೊಲ್ಲಾಪುರದ ಟಾವೆಲಿನ ಬಣ್ಣದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಬಣ್ಣದ ನೀರು ತುಂಬಿದ ಹೌದಿನಲ್ಲಿ ನಿಂತು ನೂಲು ತುಳಿದವನು ನಾನು. ಮೊಣಕಾಲ ತನಕ, ಮೊಣಕೈ ತನಕ ನೇರಳೆ. ಸಾಬೂನು ಕರಗುತ್ತದೆ, ಬಣ್ಣ ಕರಗುವುದಿಲ್ಲ. ಬೆವರಿದರೆ ಧೋತರಕ್ಕೂ ಹತ್ತುತ್ತದೆ. ನನ್ನ ಹೆಣ ಸುಟ್ಟರೆ ಹೊಗೆಯೂ ನೇರಳೆ ಬರುತ್ತದೆ ಎಂದು ನನ್ನ ಗೆಳೆಯ ರಾಚಪ್ಪ ಕಟ್ಟೆಯ ಮೇಲೆ ಕೂತು ಹೇಳಿ ನಗುತ್ತಿದ್ದ. ಆಗ ಅವನು ನನ್ನ ಜೊತೆ ಮಾತಾಡುತ್ತಿದ್ದ.

ಇದು ತೊಂಬತ್ತೆಂಟರ ಮಾತು. ನಮ್ಮ ವಸ್ತಿ ಸೊಲ್ಲಾಪುರಕ್ಕೂ ಅಕ್ಕಲಕೋಟೆಗೂ ನಡುವೆ, ಒಂದು ಹಳ್ಳದ ದಂಡೆಗೆ ಇದೆ. ಮೂವತ್ತೆರಡು ಮನೆ, ಒಂದು ಬಾವಿ. ಹಳ್ಳದ ಮೇಲ್ಗಡೆ ಪರಾಗ ಶೇಠರು ಬಣ್ಣದ ಪುಡಿಯ ಕಾರ್ಖಾನೆ ಹಾಕುವವರಿದ್ದರು. ಹಾಕುವ ಮೊದಲು ಸರ್ಕಾರ ಜನರ ಮಾತು ಕೇಳಬೇಕೆಂದು ಹೊಸ ಕಾಯ್ದೆ ಬಂದಿತ್ತು. ಅದಕ್ಕೆ ಜನಸುನಾವಣಿ ಎನ್ನುತ್ತಾರೆ. ಅದರ ಜಾಹೀರಾತು ಬಂದ ಮರಾಠಿ ಪೇಪರು ನಮ್ಮ ವಸ್ತಿಗೆ ಬಂದದ್ದು ಭಜಿ ಕಟ್ಟಿಕೊಂಡು. ಎಣ್ಣೆ ತಾರೀಖಿನ ಮೇಲೆ ಹತ್ತಿರಲಿಲ್ಲ, ಅಷ್ಟು ಪುಣ್ಯ. ಸಾಲಿ ಕಲಿಯುವ ರಾಚಪ್ಪನ ಮಗಳು ರೂಪಾಲಿ ಅದನ್ನು ಓದಿದಳು.

ಆಗ ಜೋಳದ ಸುಗ್ಗಿ. ಒಂದು ದಿನ ತಪ್ಪಿಸಿದವರನ್ನು ಮರುದಿನ ಕರೆಯುವುದಿಲ್ಲ. ಹಾಗಾಗಿ ಎಲ್ಲರ ಪರವಾಗಿ ಒಬ್ಬನೇ ಹೋಗಬೇಕೆಂದಾಯಿತು. ನನ್ನನ್ನು ಆರಿಸಿದ್ದು ನಾಲಿಗೆ ಉದ್ದವಿದೆ ಎಂದು. ನಾನು ಹೌದಿನ ಕಟ್ಟೆಯ ಮೇಲೆ ಕೂತ ಕಾಗೆಯೊಂದು ಗಿಳಿಯಾಗಿ ಹಾರಿಹೋದದ್ದನ್ನು ಕಂಡವನು. ನನ್ನ ಕೋಳಿ ಒಂದು ಸಲ ಅಂಚು ಸೆರಗು ಇದ್ದ ಮೊಟ್ಟೆ ಇಟ್ಟಿತ್ತು.

ಹೊರಡುವಾಗ ಹೆಂಡತಿ ಸುಮಿತ್ರಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ಏನ್ರಿ, ಇವತ್ತೊಂದ್ ದಿನಾ ಖರೇನ ಹೇಳ್ರಿ. ನಿಮ್ ಕಾಲಿಗಿ ಬೀಳ್ತೀನಿ. ಬಾವಿ ಮಾತ ಅದು."

"ಹೇಳ್ತೀನಿ."

"ಕಾಗಿ ಗೀಗಿ ಅಂದ್ರ ನೋಡ್ರಿ ಮತ್ತ."

ಕಾರ್ಯಾಲಯದಲ್ಲಿ ಮೊದಲು ಸಾಹೇಬರು ಭಾಷಣ ಮಾಡಿದರು. ಭೂಮಿ ಕಾಯುತ್ತಿದೆಯಂತೆ. ಜಗತ್ತಿನ ದೇಶಗಳೆಲ್ಲ ಜಪಾನಿನಲ್ಲಿ ಕೂಡಿ ಈ ಬಗ್ಗೆ ಮಾತಾಡಿವೆಯಂತೆ. ಹೊರಗೆ ಡಾಂಬರು ಚಪ್ಪಲಿಗೆ ಹತ್ತುವಂಥ ಬಿಸಿಲಿತ್ತು, ನಮಗಾರಿಗೂ ಗೊತ್ತೇ ಆಗಿರಲಿಲ್ಲ. ಸಮುದ್ರ ಮೇಲೆ ಬರುತ್ತದೆ ಎಂದೂ ಹೇಳಿದರು. ಅಕ್ಕಲಕೋಟೆಯ ತನಕ ಬಂದರೆ ಟ್ಯಾಂಕರಿನ ಕಾಟ ತಪ್ಪುತ್ತದೆ ಎಂದುಕೊಂಡೆ. ಪರಾಗ ಶೇಠರ ಕಾರ್ಖಾನೆ ಕಲ್ಲಿದ್ದಲಿನ ಬದಲು ಕಬ್ಬಿನ ಸಿಪ್ಪೆ ಸುಡುವುದರಿಂದ ಆಕಾಶಕ್ಕೆ ಬಹಳ ಒಳ್ಳೆಯದಂತೆ. ಎಲ್ಲರೂ ಚಪ್ಪಾಳೆ ಹೊಡೆದರು. ಎಲ್ಲರೂ ಎಂದರೆ ಶೇಠರ ಕಡೆಯ ನಲವತ್ತು ಜನ. ಆಕಾಶದ ಮಾತು ಮುಗಿದ ಮೇಲೆ ಬಾವಿಯ ಮಾತು ಬಂತು. ನನ್ನ ಹೆಸರು ಕರೆದರು.

ಮೈಕಿನ ಮುಂದೆ ಒಂದು ಖುರ್ಚಿ. ಅದಕ್ಕೂ ಬಿಳಿ ಗವಸು. ಸಾಹೇಬರು ನನ್ನ ಕಾಲು ನೋಡಿದರು, ಖುರ್ಚಿ ನೋಡಿದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. ಮೆತ್ತಗೆ ಮರಾಠಿಯಲ್ಲಿ ಕೇಳಿದರು:

"ಖಾಲೀ ಬಸೂನ್ ಬೋಲಾಯ್ಲಾ ಹರಕತ್ ನಾಹೀ ನಾ?"

ಕೆಳಗೆ ಕೂತು ಮಾತಾಡಲು ಅಡ್ಡಿಯಿಲ್ಲ ತಾನೇ, ಎಂದು.

"ಹರಕತ್ ಇಲ್ರಿ, ಸಾಹೇಬ್ರ," ಎಂದೆ.

ನಮ್ಮ ಕಡೆ ದಿನಕ್ಕೆ ಹತ್ತು ಸಲ ಈ ಮಾತು ಬಾಯಿಗೆ ಬರುತ್ತದೆ. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ಹರಕತ್ ಇಲ್ಲ, ಪಲ್ಯಕ್ಕೆ ಉಪ್ಪು ಕಮ್ಮಿಯಾದರೆ ಹರಕತ್ ಇಲ್ಲ. ಅದು ಸರ್ಕಾರದ ಕಾಗದದಲ್ಲಿ ತಕರಾರಿನ ಹೆಸರೆಂದು ನನಗೆ ಯಾರು ಹೇಳಬೇಕು? ಗುಮಾಸ್ತ ಶಿವಾನಂದರು ಸೊಲ್ಲಾಪುರದವರು. ಮನೆಯಲ್ಲಿ ಕನ್ನಡ ಮಾತಾಡಿ ಆಫೀಸಿನಲ್ಲಿ ಮರಾಠಿ ಬರೆಯುವ ಮನೆತನ. ಅವರ ಪೆನ್ನು ನಾನು ಹೇಳಿದ್ದನ್ನು ಸರಕ್ಕನೆ ಬರೆದುಕೊಂಡಿತು, ಕ್ಯಾಪ್ ಹಾಕಿಕೊಂಡು ಮಲಗಿತು.

ನಾನು ಕೆಳಗೆ ಕೂತೆ. ಮೈಕು ಮೇಲೆಯೇ ನಿಂತಿತ್ತು. ಕೂತಲ್ಲಿಂದಲೇ ಖರೆ ಹೇಳಲು ಶುರು ಮಾಡಿದೆ. ಹಸಿರು ಬಣ್ಣ ಹಾಕಿದ ದಿನ ನಾನು ಹಸಿರು ಉಚ್ಚೆ ಹೊಯ್ಯುತ್ತೇನೆ ಎಂದೆ. ನನ್ನ ತಲೆದಿಂಬಿನ ಮೇಲೆ ಬೆವರಿನಿಂದ ನನ್ನ ಮುಖದ ಅಚ್ಚು ಮೂಡಿದೆ ಎಂದೆ. ನನ್ನ ಜೊತೆ ಹೌದಿಗೆ ಇಳಿದ ಆರು ಜನರಲ್ಲಿ ನಾಲ್ವರು ಉಚ್ಚೆಯಲ್ಲಿ ರಕ್ತ ಬಂದು ಸತ್ತರು, ಆ ಪುಡಿಯ ನೀರು ನಮ್ಮ ಬಾವಿಗೆ ಇಳಿದರೆ ಮಕ್ಕಳು ಅದನ್ನೇ ಕುಡಿಯುತ್ತವೆ ಎಂದೆ. ಜನ್ಮದಲ್ಲಿ ಅಷ್ಟು ಖರೆ ನಾನು ಒಟ್ಟಿಗೆ ಹೇಳಿರಲಿಲ್ಲ.

ಹಸಿರು ಉಚ್ಚೆಗೆ ನಲವತ್ತು ಜನ ನಕ್ಕರು. ಸಾಹೇಬರೂ ನಕ್ಕರು. ರಕ್ತದ ಮಾತು ಆ ನಗೆಯೊಳಗೆ ಬಿದ್ದು ಹೋಯಿತು.

"ಭಾವುಸಾಹೇಬ್ರ, ಬರಕೊಂಡ್ರೇನ್ರಿ?" ಎಂದು ಶಿವಾನಂದರನ್ನು ಕೇಳಿದೆ.

"ಬರದೀನಿ, ಬರದೀನಿ. ಮುಖ್ಯ ಮುದ್ದಾ ಬರದೀನಿ. ಇಲ್ಲಿ ಸಹಿ ಮಾಡು."

ಮುದ್ದಾ ಎಂದರೆ ಮಾತಿನ ತಿರುಳು. ಮರಾಠಿ ಅಕ್ಷರ ನನಗೆ ಬಾರದು. ಹಗ್ಗಕ್ಕೆ ನೂಲು ಒಣಹಾಕಿದಂತೆ ಸಾಲಾಗಿ ನೇತಾಡುತ್ತವೆ, ಅಷ್ಟೇ ಗೊತ್ತು. ನನ್ನ ಸಾಲಿನಲ್ಲಿ ಸ್ವಲ್ಪವೇ ನೇತುಹಾಕಿದ್ದರು. ಅದರ ಕೆಳಗೆ ಕನ್ನಡದಲ್ಲಿ ಸಾತಲಿಂಗಪ್ಪ ಎಂದು ಬರೆದೆ.

ವಸ್ತಿಗೆ ಬಂದಾಗ ಮೂವತ್ತೆರಡು ಮನೆಯವರೂ ಕಟ್ಟೆಯ ಸುತ್ತ ಕೂತಿದ್ದರು. ಏನಾಯಿತು ಎಂದರು. ಸಾಹೇಬರು ಸಿಂಹಾಸನ ಬಿಟ್ಟು ಇಳಿದು ಬಂದರು ಎಂದೆ. ನನ್ನ ಕೈ ಹಿಡಿದು ಅತ್ತರು ಎಂದೆ. ಅವರ ಕಣ್ಣೀರು ನನ್ನ ಮುಂಗೈ ಮೇಲೆ ಬಿದ್ದು ನೇರಳೆ ಆಯಿತು, ಅದನ್ನವರು ಕರವಸ್ತ್ರದಲ್ಲಿ ಒರೆಸಿಕೊಂಡು ಮುಂಬೈಗೆ ತೋರಿಸಲು ಒಯ್ದರು ಎಂದೆ. ಎಲ್ಲರೂ ಕುಣಿದರು. ಕೆಳಗೆ ಕೂಡಿಸಿದ ಮಾತು ಮಾತ್ರ ಹೇಳಲಿಲ್ಲ. ನನ್ನದೂ ಒಂದು ಮರ್ಯಾದೆ ಇತ್ತು.

ಕಾರ್ಖಾನೆ ಎಂಟು ತಿಂಗಳಲ್ಲಿ ಎದ್ದಿತು. ಮರುವರ್ಷದ ಶ್ರಾವಣದಲ್ಲಿ ಬಾವಿಯ ನೀರು ಚಹದ ಬಣ್ಣಕ್ಕೆ ಬಂತು. ದಸರೆಗೆ ಕೆಂಪಾಯಿತು. ಒಲೆಗಿಟ್ಟ ಅನ್ನ ಕುದಿಯುವಾಗಲೇ ಕುಂಕುಮ ಕಲೆಸಿದಂತೆ ಆಗುತ್ತಿತ್ತು. ಮಕ್ಕಳ ನೆತ್ತಿಯ ಮೇಲೆ ಹುಣ್ಣು. ರೂಪಾಲಿಯ ಕೈ ತೋಳಿನ ತನಕ ಸುಲಿಯಿತು. ನನಗೆ ಯಾವ ಸುಳ್ಳನ್ನೂ ಕಟ್ಟುವ ಕೆಲಸ ಉಳಿಯಲಿಲ್ಲ.

ಎಲ್ಲರೂ ಕೆಂಪು ನೀರಿನ ಕೊಡ ಹೊತ್ತು ಕಾರ್ಖಾನೆಯ ಗೇಟಿಗೆ ಹೋದೆವು. ಪರಾಗ ಶೇಠರೇ ಹೊರಗೆ ಬಂದರು. ಪೇಟೆಯ ವ್ಯಾಪಾರಸ್ಥರಿಗೆ ನಮ್ಮ ಮಾತು ಚೆನ್ನಾಗಿ ಬರುತ್ತದೆ.

"ಎಲ್ಲಾ ಕಾಯ್ದೇಶೀರ ಆಗ್ಯದ. ನಿಮ್ಮ ಮನಶ್ಯಾನ ಬಂದು ಹರಕತ್ ಇಲ್ಲಂತ ಸಹಿ ಮಾಡ್ಯಾನ. ಈಗ್ಯಾಕ ಬೊಬ್ಬಿ ಹೊಡೀತೀರಿ?"

ಸುನಾವಣಿಯ ಕಾಗದದ ನಕಲನ್ನು ಮುಂದೆ ಹಿಡಿದರು. ರೂಪಾಲಿ ಸುಲಿದ ಕೈಯಲ್ಲಿ ಅದನ್ನು ತೆಗೆದುಕೊಂಡು, ಬೆರಳಿಟ್ಟು ಓದಿದಳು.

"ಸಾತಲಿಂಗಪ್ಪ. ಹರಕತ್ ನಾಹೀ."

"ಮುಂದ?" ಎಂದ ರಾಚಪ್ಪ.

"ಮುಂದ ಏನಿಲ್ಲಪ್ಪಾ. ಕಾಕಾನ ಸಹಿ."

ಎಲ್ಲರೂ ನನ್ನ ಕಡೆ ತಿರುಗಿದರು.

"ನಾ ಖುರ್ಚಿ ಮಾತ ಅಂದಿದ್ದು!" ಎಂದೆ. "ಕೆಳಗ ಕೂಡ್ತೀಯೇನಂದ್ರು, ಹರಕತ್ ಇಲ್ಲಂದೆ!"

"ಖುರ್ಚಿ?" ರಾಚಪ್ಪ ಕೊಡ ಕೆಳಗಿಟ್ಟ. "ಸಾಹೇಬ ಇಳದು ಬಂದು ಅತ್ತಾ ಅಂದಿದ್ಯಲ್ಲಲೇ?"

"ಅದು ಸುಳ್ಳ. ಇದು ಖರೇ."

"ಹಲ್ಕಟ್ ಸೂಳಿಮಗನ," ಎಂದ ಅವನು. ದನಿಯೇರಿಸಲಿಲ್ಲ. "ಏನ್ ತಿನಿಸ್ಯಾನ ಶೇಠ ನಿನಗ?"

ಅಂದಿನಿಂದ ನನ್ನ ಹೆಸರು ಹರಕತ್ಯಾ. ನಾನು ಕಟ್ಟೆಗೆ ಹೋದರೆ ಕೂತವರು ಎದ್ದು ಹೋಗುತ್ತಿದ್ದರು, ಇಡೀ ಕಟ್ಟೆ ನನ್ನದಾಗುತ್ತಿತ್ತು. ಒಂದು ದಿನ ಅಭ್ಯಾಸ ಬಿಡಬಾರದೆಂದು ಬೇವಿನ ಗಿಡಕ್ಕೆ ಕಾಗೆಯ ಕಥೆ ಹೇಳಿದೆ. ಅರ್ಧಕ್ಕೇ ಬಿಟ್ಟೆ. ನಡುನಡುವೆ "ಥೂ ಸುಳ್ಳಾ" ಎನ್ನುವವರಿಲ್ಲದೆ ಸುಳ್ಳು ಮುಂದೆ ಸಾಗುವುದಿಲ್ಲ.

ಮನೆಯಲ್ಲೂ ಹಾಗೇ. ಸುಮಿತ್ರಾಬಾಯಿ ರೊಟ್ಟಿ ತಟ್ಟುವುದನ್ನು ಬಿಡಲಿಲ್ಲ, ಮಾತು ಬಿಟ್ಟಳು. ಉಳಿಸಿಕೊಂಡದ್ದು ಒಂದೇ.

"ಊಟಾ ಮಾಡ್ಲೇನ?"

"ಹರಕತ್ ಇಲ್ಲ."

"ನೀ ಉಂಡಿಯೇನ?"

"ಹರಕತ್ ಇಲ್ಲ."

"ನಾ ಸತ್ತರ?"

ಅವಳು ಒಲೆ ಊದಿದಳು. ನನ್ನ ಮೇಲೆ ಅಷ್ಟು ಮಾಯೆ ಉಳಿದಿತ್ತು.

ಶೇಠರು ಆ ನಕಲನ್ನು ಗೇಟಿಗೆ ಅಂಟಿಸಿದ್ದರು. ಸೊಲ್ಲಾಪುರದಿಂದ ಕೆಲಸ ಮುಗಿಸಿ ಬರುವಾಗ ದಿನಾ ಅದರ ಮುಂದೆ ನಿಲ್ಲುತ್ತಿದ್ದೆ. ನನ್ನ ಜೊತೆ ನಿಲ್ಲುತ್ತಿದ್ದದ್ದು ಅದೊಂದೇ. ಅಕ್ಷರಗಳ ಹಗ್ಗದ ಮೇಲೆ ಮೊದಲು ನಾಲ್ಕು ನೂಲಿನ ಲಡಿ, ನಡುವೆ ಜಾಗ ಬಿಟ್ಟು ಎರಡು. ನಾಲ್ಕು ಎಂದರೆ ಹರಕತ್, ಎರಡು ಎಂದರೆ ಇಲ್ಲ. ಓದಲು ಬಾರದಿದ್ದರೂ ಆ ಆರು ಲಡಿಗಳ ಆಕಾರ ಬಾಯಿಪಾಠವಾಯಿತು.

ಅದೇ ವರ್ಷದ ಕೊನೆಗೆ ಕಾರ್ಖಾನೆ ಎರಡರಷ್ಟು ದೊಡ್ಡದಾಗುವ ಮಾತು ಬಂತು. ಮತ್ತೆ ಸುನಾವಣಿ, ಅದೇ ಕಾರ್ಯಾಲಯ. ಹೋದರೆ ಮತ್ತೆ ಹರಕತ್ ಇಲ್ಲವೆಂದೇ ಬರೆಯುತ್ತಾರೆ ಎಂದು ವಸ್ತಿಯವರು ಯಾರೂ ಹೊರಡಲಿಲ್ಲ. ನನ್ನನ್ನಂತೂ ಯಾರೂ ಕೇಳಲಿಲ್ಲ.

ಅಂದು ಮುಂಜಾನೆ ನನ್ನ ಲಗ್ನದಲ್ಲಿ ಮಾವ ಕೊಟ್ಟ ಸೊಲ್ಲಾಪುರಿ ಚಾದರ ತೆಗೆದೆ. ಬಿಳಿಯದು, ಒಂದು ಕುರಿಯಷ್ಟು ದಪ್ಪ. ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಬಿಟ್ಟೆ. ನೀರು ಸೇದಲು ಬಂದ ಹೆಂಗಸರು ಸರಿದು ನಿಂತರು. ಚಾದರ ಕೆಂಪಾಗಿ ಮೇಲೆ ಬಂತು. ಹಿಂಡದೆ ಹೊದ್ದುಕೊಂಡೆ. ಸುಮಿತ್ರಾಬಾಯಿ ಕೊಡ ಹಿಡಿದು ನೋಡುತ್ತಿದ್ದಳು.

"ಹೋಗಿ ಬರ್ತೀನಿ," ಎಂದೆ.

ಅವಳು ಹರಕತ್ ಇಲ್ಲ ಎನ್ನಲಿಲ್ಲ. ಕೊಡ ಸರಿಸಿ ದಾರಿ ಬಿಟ್ಟಳು.

ಬಸ್ಸಿನಲ್ಲಿ ಕಂಡಕ್ಟರ್ ಬಾಗಿಲ ಮೆಟ್ಟಿಲ ಮೇಲೆ ನಿಲ್ಲಿಸಿದ. "ಏನಲೇ ಇದು, ಖೂನ್ ಮಾಡಿ ಬಂದೀಯೇನು?" ಎಂದ. ಕುಡಿಯುವ ನೀರು ಎಂದೆ. ಅವನು ನಕ್ಕ. ಆ ತಿಂಗಳಿನಲ್ಲಿ ನನ್ನ ಮಾತಿಗೆ ನಕ್ಕವನು ಅವನೊಬ್ಬನೇ.

ಕಾರ್ಯಾಲಯದಲ್ಲಿ ಈ ಸಲವೂ ಹಿಂದಿನ ದಿನ ಲಗ್ನ ಆಗಿತ್ತು, ಅದೇ ಜೋಡಿ ಅದೇ ಸಿಂಹಾಸನಗಳಲ್ಲಿ ಕೂತಿತ್ತು. ಜಪಾನಿನ ಮಾತು ನಡೆದಿತ್ತು. ನಾನು ಸೀದಾ ಹೋಗಿ ಮೈಕಿನ ಮುಂದಿನ ಬಿಳಿ ಖುರ್ಚಿಯಲ್ಲಿ ಕೂತೆ. ಒದ್ದೆ ಚಾದರದ ಭಾರಕ್ಕೆ ಖುರ್ಚಿ ನರಳಿತು. ಸಾಹೇಬರು ಮಾತು ನಿಲ್ಲಿಸಿದರು.

ಶಿಪಾಯಿ ಓಡಿ ಬಂದ. "ಏಳಲೇ ಬೋಳಿಮಗನ!" ಎಂದು ತೋಳು ಹಿಡಿದೆಳೆದ. ಚಾದರ ಹಿಂಡಿದಂತಾಗಿ ಕೆಂಪು ನೀರು ಅವನ ಖಾಕಿ ತೋಳಿನೊಳಗೆ ಇಳಿಯಿತು. ಹೌಹಾರಿ ಕೈ ಬಿಟ್ಟ.

ಶಿವಾನಂದರು ಗುರುತು ಹಿಡಿದರು. "ಅರೇ ಸಾತಲಿಂಗಪ್ಪಾ, ಏನಿದು? ಹೋದ ಸಲಾ ಕೆಳಗ ಕೂತಿದ್ಯಲ್ಲಾ ಶಾಣ್ಯಾನಂಗ. ಕೆಳಗ ಕೂಡು, ಹೆಸರು ಬರಕೋತೀನಿ."

"ಇಲ್ಲೇ ಕೂಡ್ತೀನ್ರಿ." ಈ ಸಲ ಮೈಕು ನನ್ನ ಬಾಯಿಯ ಎತ್ತರಕ್ಕಿತ್ತು. ನನ್ನ ಮಾತು ಕಾರ್ಯಾಲಯವನ್ನು ದಾಟಿ, ರಸ್ತೆಯ ಕಡೆ ಕಟ್ಟಿದ್ದ ಭೋಂಗಾದಿಂದ ನನಗೇ ತಿರುಗಿ ಕೇಳಿಸಿತು. "ಯಾರದರ ಹರಕತ್ ಐತೇನ್ರಿ?"

ಮದುಮಗನ ಸಿಂಹಾಸನದಿಂದ ಸಾಹೇಬರು ಧಡ್ ಎಂದು ಎದ್ದರು. ಒಳ್ಳೆಯ ಮನುಷ್ಯ ಅಂದು ಮೆತ್ತಗೆ ಮಾತಾಡಲಿಲ್ಲ.

"ಹರಕತ್ ಆಹೇ! ಮಾಝೀ ಹರಕತ್ ಆಹೇ! ಕಾಢಾ ಯಾಲಾ ಬಾಹೇರ್!"

ಹರಕತ್ ಇದೆ, ನನ್ನದೇ ಹರಕತ್ ಇದೆ, ಇವನನ್ನು ಹೊರಗೆ ಹಾಕಿ. ಭೋಂಗಾ ಅದನ್ನೂ ರಸ್ತೆಗೆ ಹೇಳಿತು.

ನಾನು ಶಿವಾನಂದರ ಕಡೆ ತಿರುಗಿದೆ.

"ಬರಕೊಳ್ರಿ, ಭಾವುಸಾಹೇಬ್ರ. ಬಾವಿ ನೀರ ನೋಡಿ ಸಾಹೇಬ್ರು ಹರಕತ್ ಐತಿ ಅಂದಾರ. ಮುಖ್ಯ ಮುದ್ದಾ."

ನಲವತ್ತು ಜನರಲ್ಲಿ ಒಬ್ಬನೂ ನಗಲಿಲ್ಲ. ಶಿಪಾಯಿ ಪೊಲೀಸರನ್ನು ಕರೆಯಲು ಓಡಿದ. ಕೆಂಪು ನೀರು ಬಿಳಿ ಗವಸಿನಿಂದ ಇಳಿದು ನೆಲಕ್ಕೆ ಬಂತು, ಹಿಂದಿನ ದಿನದ ಅಕ್ಷತೆಯ ಕಾಳುಗಳನ್ನು ಒಂದೊಂದಾಗಿ ಕೆಂಪು ಮಾಡುತ್ತ ಶೇಠರ ಬೂಟಿನ ಕಡೆ ಹೊರಟಿತು. ಇದನ್ನು ಹೇಳಿದರೆ ವಸ್ತಿಯಲ್ಲಿ ಯಾರೂ ನಂಬುವುದಿಲ್ಲ ಎಂದು ನನಗೆ ಆಗಲೇ ಗೊತ್ತಿತ್ತು. ಕಂಡವರು ಯಾರೂ ನಮ್ಮವರಿರಲಿಲ್ಲ.

ಶಿವಾನಂದರು ಪೆನ್ನಿನ ಕ್ಯಾಪ್ ತೆಗೆದರು. ನನ್ನ ಹೆಸರಿನ ಮುಂದೆ ಹಗ್ಗ ಎಳೆದು ಲಡಿ ನೇತುಹಾಕತೊಡಗಿದರು. ಒಂದು, ಎರಡು, ಮೂರು, ನಾಲ್ಕು. ಅಲ್ಲಿ ಪೆನ್ನು ನಿಂತಿತು. ಅವರು ಸಾಹೇಬರ ಮುಖ ನೋಡಿದರು, ಸಾಹೇಬರು ಶೇಠರ ಮುಖ ನೋಡಿದರು.

ಹೊರಗೆ ಜೀಪು ಬಂದ ಸದ್ದಾಯಿತು. ಹಗ್ಗದ ಮೇಲೆ ಇನ್ನೆರಡಕ್ಕೆ ಜಾಗವಿತ್ತು, ನಾಹೀ ಎಂದರೂ ಎರಡೇ, ಆಹೇ ಎಂದರೂ ಎರಡೇ. ಚಾದರವನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡು, ಪೆನ್ನಿನ ತುದಿಯನ್ನೇ ನೋಡುತ್ತ ಕೂತೆ.