ಅಂಚಿಗೆ ತಾಗಿದ ಚೆಂಡು

ಹಳೆಯ ಗೋದಾಮಿನಲ್ಲಿದ್ದ ಆ ಟೇಬಲ್ ಟೆನಿಸ್ ಕ್ಲಬ್ಬಿಗೆ ಅಂಪೈರ್ ಇರಲಿಲ್ಲ. ಮೊದಲು ಅಂಚೆ ಹಂಚುತ್ತಿದ್ದ ಮುದುಕ, ಎಲ್ಲರ ಬಾಯಲ್ಲಿ ಅಂಚೆಯಜ್ಜ, ಸ್ಟೂಲಿನ ಮೇಲೆ ಕೂತು ಅಂಕ ಕೂಗುತ್ತಿದ್ದ, ಅಷ್ಟೇ. ಚೆಂಡು ಮೇಜಿನ ಅಂಚಿಗೆ ತಾಗಿದರೆ ಔಟಲ್ಲ; ತಾಗಿತೋ ಇಲ್ಲವೋ ಅನ್ನುವುದನ್ನು, ಯಾರ ಕಡೆ ಬಿತ್ತೋ ಅವರೇ ಹೇಳಬೇಕು. ಅದು ಅಲ್ಲಿಯ ಪದ್ಧತಿ. ಟೈಲರಮ್ಮ ಆ ಪದ್ಧತಿಯನ್ನು ನಂಬಿಯೇ ಆಟ ಕಲಿತವಳು.

ಪಕ್ಕದ ಊರಿನ ಪಂದ್ಯಕ್ಕೆ ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಅದಕ್ಕಾಗಿ ಅವಳೂ ಅವಳ ಗಂಡನ ಅಣ್ಣನೂ ಆಡಿದರು. ಭಾವ ಕ್ಲಬ್ಬಿನ ಕಾರ್ಯದರ್ಶಿ ಬೇರೆ. ಗೆಲ್ಲಲು ಇನ್ನೊಂದೇ ಅಂಕ ಬೇಕಾದಾಗ ಟೈಲರಮ್ಮ ಹೊಡೆದ ಚೆಂಡು ಅವನ ಕಡೆಯ ಅಂಚಿಗೆ 'ಟಿಕ್' ಎಂದು ತಾಗಿ, ಓರೆಯಾಗಿ ಹಾರಿತು.

"ಔಟು," ಎಂದ ಭಾವ.

"ಭಾವ, ತಾಗಿತಲ್ಲ!"

"ನನ್ನ ಕಡೆದು ನಾನ್ ಹೇಳ್ಬೇಕೋ, ನೀನ್ ಹೇಳ್ಬೇಕೋ?"

ಸುತ್ತ ನಿಂತು ನೋಡುತ್ತಿದ್ದವರು ಅಂಚೆಯಜ್ಜನತ್ತ ತಿರುಗಿದರು. ಅಂಚೆಯಜ್ಜ ಸಮಸಮ ಎಂದು ಕೂಗಿದ. ಅವಳ ಮೈಯೆಲ್ಲ ಉರಿಯುತ್ತಿತ್ತು; ಮುಂದಿನ ಎರಡೂ ಅಂಕ ಹೋಗಿ ಆಟ ಭಾವನದಾಯಿತು. ಭಾವ ನಗುತ್ತ ಕೈ ಚಾಚಿದ. ಅವಳು ಬ್ಯಾಟನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟುಬಿಟ್ಟಳು.

ಆಗ ಎಲ್ಲರಿಗೂ ಬಾಯಿ ಬಂತು. "ಸೋತ್ರೆ ಕೈ ಕೊಡೋ ಮರ್ಯಾದೆನೂ ಬೇಡ್ವಾ?"

ಅಂಚೆಯಜ್ಜ ಬಾಗಿಲವರೆಗೆ ಹಿಂದೆಯೇ ಬಂದು ಪಿಸುಗುಟ್ಟಿದ: "ನಂಗೂ ಕೇಳಿಸ್ತು ಕಣಮ್ಮ."

"ಕೇಳಿಸಿದ್ರೆ ಅಲ್ಲೇ ಬಾಯಿ ಬಿಡೋಕೇನಾಗಿತ್ತು, ಅಜ್ಜ?"

"ಅವರವರ ಕಡೆದು ಅವರವರೇ ಹೇಳ್ಬೇಕಲ್ಲಮ್ಮ. ಪದ್ಧತಿ."

ಸುಳ್ಳು ಹೇಳಿದವನಿಗೆ ಪದ್ಧತಿಯ ನೆರಳು. ಕೈ ಕೊಡದವಳಿಗೆ ಬೈಗುಳ. ರಾತ್ರಿ ಊಟಕ್ಕೆ ಕೂತಾಗ ಗಂಡ ಮೆಲ್ಲಗೆ, "ಅಣ್ಣ ಅಲ್ವೇನೇ? ತಪ್ಪಾಯ್ತು ಅಂದ್ಬಿಡು, ಮುಗೀಲಿ," ಎಂದ. ಅವಳು ತಟ್ಟೆ ಎತ್ತಿಕೊಂಡು ಎದ್ದಳು.

ತಂಡದ ಅಂಗಿಗಳನ್ನು ಹೊಲಿಯುತ್ತಿದ್ದದ್ದು ಇವರದೇ ಅಂಗಡಿ. ಗಂಡ ಬಟ್ಟೆ ಕತ್ತರಿಸುವವನು, ಅವಳು ಹೊಲಿಯುವವಳು. ಕೊನೆಯ ತುಂಡು ನೀಲಿ ಬಟ್ಟೆ ಗೆದ್ದವರ ಅಳತೆಗೆ ಕಾದು ಹಲಗೆಯ ಮೇಲೆ ಬಿದ್ದಿತ್ತು. ಮರುದಿನ ಬೆಳಿಗ್ಗೆಯೇ ಭಾವ ಬಂದು, ಅಳತೆಗೆಂದು ತಮ್ಮನ ಮುಂದೆ ಕೈ ಅಗಲಿಸಿ ನಿಂತ.

"ಹೊಟ್ಟೆ ಹತ್ರ ಒಂಚೂರು ಸಡಿಲ ಇರ್ಲಿ ಕಣೋ. ಏನಮ್ಮ, ಇನ್ನೂ ಮುಖ ಊದಿಸ್ಕೊಂಡಿದ್ದೀಯ? ಆಟ ಅಂದ್ಮೇಲೆ ಸೋಲೋದನ್ನೂ ಕಲೀಬೇಕು."

ಟೈಲರಮ್ಮನ ಕಾಲು ಮಶೀನಿನ ಮೇಲೆ ನಿಂತಿತು. "ಸೋಲೋದು ನಂಗೆ ಗೊತ್ತು ಭಾವ. ತಾಗಿತು ಅಂತ ಒಂದ್ಸಲ ಅನ್ನಿ, ಈಗಲೇ ಕೈ ಕೊಡ್ತೀನಿ. ಜಾಗಾನೂ ನೀವೇ ಇಟ್ಕೊಳ್ಳಿ."

"ನೋಡೋ ಇವಳ್ನ!" ಭಾವ ತಮ್ಮನತ್ತ ತಿರುಗಿ ನಕ್ಕ.

ತಮ್ಮ ನಗಲಿಲ್ಲ. ಅಣ್ಣನ ಎದೆಗೆ ಸುತ್ತಿದ ಟೇಪನ್ನು ಹಾಗೇ ಹಿಡಿದುಕೊಂಡು ಕೇಳಿದ: "ತಾಗಿತಾ, ಅಣ್ಣ?"

ಭಾವ ಗೋಡೆ ನೋಡಿದ. ಬೀದಿ ನೋಡಿದ. "ಒಂದು ಚೆಂಡಿಗೆ ಇಷ್ಟೆಲ್ಲಾನಾ? ಮೊದ್ಲು ಅಳತೆ ತಗೋ."

ತಮ್ಮ ಟೇಪನ್ನು ಬಿಚ್ಚಿ ತನ್ನ ಕೊರಳಿಗೆ ಹಾಕಿಕೊಂಡ. ನೀಲಿ ಬಟ್ಟೆಯನ್ನು ನೀಟಾಗಿ ಮಡಿಸಿ ಅಣ್ಣನ ಕೈಗಿಟ್ಟ.

"ಬೇರೆ ಕಡೆ ಹೊಲಿಸ್ಕೋ."

ಭಾವ ಬಟ್ಟೆಯನ್ನು ಕಂಕುಳಲ್ಲಿ ಅವುಚಿಕೊಂಡು ಮೆಟ್ಟಿಲಿಳಿದ. ಟೈಲರಮ್ಮನ ಸಿಟ್ಟೇನೂ ಇಳಿಯಲಿಲ್ಲ. ಆದರೂ ಮಶೀನು ಮತ್ತೆ ಓಡತೊಡಗಿತು.