ಬೇರೆ ಬರಿಯ ಮಗು

ನನ್ನನ್ನು ಯಾರಿಗೂ ಮದುವೆ ಮಾಡಿಕೊಡುವುದಿಲ್ಲ ಎಂದು ತಮ್ಮಲೆ ತೀರ್ಮಾನ ಮಾಡಿದ ದಿನ ನಾನು ಅಂಗಳದಲ್ಲಿ ಬಂಗುಡೆಗೆ ಉಪ್ಪು ಹಾಕುತ್ತಿದ್ದೆ. ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಅದು. ತಮ್ಮಲೆ ಎಂದರೆ ನನ್ನ ತಾಯಿ ಅಕ್ಕುವಿನ ಅಣ್ಣ, ಪೂವಪ್ಪ. ಅಳಿಯಸಂತಾನದ ನಮ್ಮ ಮನೆಗೆ ಅವರೇ ಯಜಮಾನರು. ಅವರ ಮಾತಿಗೆ ಎದುರಾಡಿದವರನ್ನು ಹೊಯಿಗೆಬಜಾರಿನಲ್ಲಿ ನಾನಂತೂ ಕಂಡಿಲ್ಲ. ದೇವದಾಸ್ ಎಂಬ ಹುಡುಗ ಸುರತ್ಕಲ್ಲಿನಿಂದ ಹೆಣ್ಣು ಕೇಳಿಕೊಂಡು ಬಂದಿದ್ದ. ಹಂಚಿನ ಕಾರ್ಖಾನೆಯಲ್ಲಿ ಕೆಲಸ, ನಾಚಿಕೆಯ ಮುಖ. ಜಗಲಿಯಲ್ಲಿ ಕೂತು ನನ್ನ ಕಡೆ ಎರಡು ಸಲ ನೋಡಿದ. ಮೂರನೆಯ ಸಲ ನಾನೇ ನೋಡಿದೆ.

"ಲಕ್ಷ್ಮಿಯನ್ನು ಕೊಡುವುದಿಲ್ಲ," ಎಂದರು ತಮ್ಮಲೆ. "ನಮ್ಮ ಬರಿಯಲ್ಲಿ ರಕ್ತದ ದೋಷ ಉಂಟು. ಅದು ನಮ್ಮಲ್ಲೇ ಮುಗಿಯಲಿ."

ಬರಿ ಎಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲ. ತಂದೆಯ ಬರಿ ಮಕ್ಕಳಿಗೆ ಬರುವುದಿಲ್ಲ. ದೋಷದ ಮಾತೂ ಸುಳ್ಳಲ್ಲ. ಅಜ್ಜಿಯ ತಮ್ಮನೊಬ್ಬ ಕಾಲಿಗೆ ಚಿಪ್ಪು ತಾಗಿ ರಕ್ತ ನಿಲ್ಲದೆ ಸತ್ತಿದ್ದನಂತೆ. ತಮ್ಮಲೆಗೆ ಸಣ್ಣ ಪೆಟ್ಟಾದರೂ ಮೊಣಕಾಲು ತೆಂಗಿನಕಾಯಿಯಷ್ಟು ಊದುತ್ತಿತ್ತು. ಎರಡು ದೋಣಿಗಳ ಯಜಮಾನರಾಗಿಯೂ ಅವರು ಕಡಲಿಗೆ ಇಳಿದವರಲ್ಲ. ನನ್ನ ತಮ್ಮ ಅಂಗಾರನಿಗೆ ಏಳು ವರ್ಷವಾದಾಗ ಹಾಲುಹಲ್ಲೊಂದು ಬಿತ್ತು. ಎಂಟು ದಿನ ಬಾಯಿಯಿಂದ ರಕ್ತ ಬಂತು. ಒಂಬತ್ತನೆಯ ದಿನ ಬರಲಿಲ್ಲ; ಬರಲು ಅವನಲ್ಲಿ ಏನೂ ಉಳಿದಿರಲಿಲ್ಲ. ಆಗ ನನಗೆ ಹನ್ನೆರಡು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಮೇಲೆ ನನ್ನ ತಾಯಿ ಯಾವುದಕ್ಕೂ ಬಾಯಿ ತೆರೆದವಳಲ್ಲ, ನನ್ನ ಮದುವೆಯ ವಿಷಯಕ್ಕೂ.

ತಮ್ಮಲೆಗೆ ತಮ್ಮ ವಿಚಾರದಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ. ಅವರ ಇಬ್ಬರು ಗಂಡುಮಕ್ಕಳು ಬೆಂಗ್ರೆಯಲ್ಲಿ ತಾಯಿಯ ಮನೆಯಲ್ಲಿ ಬೆಳೆದವರು. ಕಡಲಿಗೆ ಹೋಗಿ, ಗಾಯ ಮಾಡಿಕೊಂಡು, ಉಪ್ಪುನೀರಲ್ಲಿ ತೊಳೆದು ಮನೆಗೆ ಬರುತ್ತಿದ್ದರು. ಅವರದ್ದು ಅವರ ತಾಯಿಯ, ಎಂದರೆ ನನ್ನ ಅತ್ತೆಯ ಬರಿ, ಬೇರೆ ಬರಿ. ಆದ್ದರಿಂದ ಆ ಹುಡುಗರ ತಂಗಿ, ತಮ್ಮಲೆಯ ಮಗಳು ಕುಮುದಿನಿಗೂ ಭಯವಿಲ್ಲ. ಬಂದ ಒಳ್ಳೆಯ ಹುಡುಗನನ್ನು ಸುಮ್ಮನೆ ಕಳಿಸುವುದು ಯಾಕೆಂದು ಅವಳನ್ನೇ ಅವನಿಗೆ ಕೊಟ್ಟರು. ಆ ಮದುವೆಗೆ ಅಕ್ಕಿ ಅರೆದವಳು, ಮೀನು ಕೊಯ್ದವಳು ನಾನೇ. ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ನನ್ನ ಬಾಯಿಗೆ ಹುಳ ಬಿದ್ದೀತು. ಕುಮುದಿನಿ ಹೊಸ ಸೀರೆ ಉಟ್ಟು ಬಂದು, "ಅಕ್ಕ, ಹೇಗೆ ಕಾಣ್ತೇನೆ?" ಎಂದು ಕೇಳಿದಾಗ, "ಒಣಮೀನಿನ ಹಾಗೆ" ಎಂದೆ. ಅವಳು ನಕ್ಕಳು. ನಾನು ತಮಾಷೆಗೆ ಹೇಳಿದ್ದಲ್ಲ.

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವಳಿಗೊಂದು ಗಂಡುಮಗು. ಮೋಹನದಾಸ್ ಎಂದು ದೊಡ್ಡ ಹೆಸರು, ನಾವು ಕರೆಯುವುದು ಮೋನು. ಇವನನ್ನು ಮುದ್ದು ಮಾಡುವುದಿಲ್ಲ ಎಂದು ನಾನು ಹಟ ಹಿಡಿದಿದ್ದೆ. ನನ್ನನ್ನು ಕಂಡ ಕೂಡಲೇ ಎರಡೂ ಕೈ ಎತ್ತಿ ನಗುವ ಮಗುವಿನ ಮುಂದೆ ಆ ಹಟ ಒಂದು ವಾರವೂ ನಿಲ್ಲಲಿಲ್ಲ.

ಮೋನು ನಡೆಯಲು ಕಲಿತು ಎರಡು ತಿಂಗಳಾಗಿತ್ತು. ಬೆಂಗ್ರೆಯ ಅಜ್ಜಿಮನೆಗೆ ಬಂದವನು ಹೊಸ್ತಿಲು ಎಡವಿ ಬಿದ್ದು ತುಟಿಯ ಒಳಗೆ ಹರಿದುಕೊಂಡ. ಕುಮುದಿನಿ ಅರಸಿನ ಒತ್ತಿದಳು, ಕಾಫಿಪುಡಿ ಒತ್ತಿದಳು. ಮರುದಿನ ಬೆಳಿಗ್ಗೆಯೂ ರಕ್ತ ಬರುತ್ತಲೇ ಇತ್ತು. ಕಡವಿನ ದೋಣಿಯಲ್ಲಿ ಹೊಳೆಯ ಈಚೆಯ ಬಂದರಿಗೆ ದಾಟಿಸಿ ಆಸ್ಪತ್ರೆಗೆ ತಂದರು. ಸುದ್ದಿ ಸಿಕ್ಕಿ ನಾನೂ ತಮ್ಮಲೆಯೂ ಓಡಿದೆವು. ಆ ಕಾಲುಗಳಲ್ಲಿ ಅವರು ಓಡಿದ್ದನ್ನು ನಾನು ಅದೊಂದೇ ಸಲ ನೋಡಿದ್ದು.

ಮಗುವಿನ ಬಾಯಿ ನೋಡಿದ ಕೂಡಲೇ ನನಗೆ ಗೊತ್ತಾಯಿತು. ತಮ್ಮಲೆಗೂ ಗೊತ್ತಾಗಿತ್ತು, ಆದರೆ ಒಪ್ಪಲು ಅವರು ತಯಾರಿರಲಿಲ್ಲ. ಡಾಕ್ಟರ್ ಸರ್ವೋತ್ತಮರು ಮನೆಯಲ್ಲಿ ಯಾರಿಗೆಲ್ಲ ಹೀಗಾಗಿತ್ತು ಎಂದು ವಿಚಾರಿಸಿದರು. ತಮ್ಮಲೆ ಎಲ್ಲವನ್ನೂ ಹೇಳಿ, ಕೊನೆಗೆ ಬೇಡಿಕೊಳ್ಳುವ ದನಿಯಲ್ಲಿ, "ಆದರೆ ಡಾಕ್ಟ್ರೇ, ಈ ಮಗು ನಮ್ಮ ಬರಿ ಅಲ್ಲ. ಇದರ ತಾಯಿ ನನ್ನ ಮಗಳು, ಅಷ್ಟೇ" ಎಂದರು.

"ಮಗಳಾದ್ದರಿಂದಲೇ ಬಂತು ಪೂವಪ್ಪ," ಎಂದರು ಡಾಕ್ಟರು. "ಈ ರೋಗ ಇರುವ ಗಂಡಸಿನಿಂದ ಅವನ ಗಂಡುಮಕ್ಕಳಿಗೆ ಅದು ಹೋಗುವುದಿಲ್ಲ. ಹೆಣ್ಣುಮಕ್ಕಳು ಮಾತ್ರ ಎಲ್ಲರೂ ಅದನ್ನು ಹೊತ್ತುಕೊಂಡೇ ಹುಟ್ತಾರೆ. ಅವರಿಗೆ ಹೊರಗೆ ಎಂತದೂ ಕಾಣುವುದಿಲ್ಲ. ಅವರ ಗಂಡುಮಕ್ಕಳಲ್ಲಿ ಕಾಣ್ತದೆ, ಅದೂ ಎಲ್ಲರಲ್ಲಿ ಅಲ್ಲ."

ತಮ್ಮಲೆ ನನ್ನ ಕಡೆ ಬೆರಳು ತೋರಿಸಿದರು. "ಹಾಗಾದ್ರೆ ಇವಳು? ನನ್ನ ತಂಗಿಯ ಮಗಳು."

"ಇರಬಹುದು, ಇಲ್ಲದೆಯೂ ಇರಬಹುದು. ಅರ್ಧಕ್ಕರ್ಧ. ನೋಡಿ ಹೇಳುವ ದಾರಿ ಇಲ್ಲ. ನಿಮ್ಮ ಮಗಳಿಗೆ ಮಾತ್ರ ಖಂಡಿತ. ಇವರಿಗೆ ಎಷ್ಟು ಮಕ್ಕಳು?"

"ಮದುವೆ ಆಗಿಲ್ಲ," ಎಂದೆ ನಾನು.

"ಒಳ್ಳೆಯದೇ ಆಯ್ತು," ಎಂದರು. ಒಳ್ಳೆಯ ಮನುಷ್ಯ ಅವರು. ಆದರೂ ಆ ಗಳಿಗೆಯಲ್ಲಿ ಅವರ ಕೆನ್ನೆಗೆ ಬಾರಿಸಬೇಕೆನಿಸಿತು.

ತಮ್ಮಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ದೋಷ ಖಂಡಿತವಾಗಿ ಇದ್ದವಳನ್ನು ವಾಲಗ ಊದಿಸಿ ಕಳಿಸಿಕೊಟ್ಟು, ಇದೆಯೋ ಇಲ್ಲವೋ ಗೊತ್ತೇ ಇಲ್ಲದವಳನ್ನು ಮನೆಯಲ್ಲಿ ಕೂರಿಸಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಮಗುವಿನ ಬಾಯಿಗೆ ಬಟ್ಟೆ ಹಿಡಿಯುವ ಕೆಲಸದಲ್ಲಿ ಅದಕ್ಕೂ ಪುರುಸೊತ್ತು ಸಿಗಲಿಲ್ಲ.

ಆರನೆಯ ದಿನ ಮೋನು ಹೋದ. ಕುಮುದಿನಿ ಮುಖ ತೊಳೆಯಲು ಎದ್ದಿದ್ದಳು, ಮಗು ನನ್ನ ತೊಡೆಯಲ್ಲಿತ್ತು. ಅವಳು ಬಂದು ಕೈ ಚಾಚಿದಾಗ ಕೊಡಲು ನನ್ನಿಂದ ಆಗಲಿಲ್ಲ. ಬೆಂಗ್ರೆಯ ಕಡಲ ಬದಿಯ ಹೊಯಿಗೆಯಲ್ಲಿ ಮಣ್ಣು ಮಾಡಿದೆವು.

ವಾರ ಕಳೆದು ಒಂದು ಮಧ್ಯಾಹ್ನ ನಾವೆಲ್ಲ ಅತ್ತೆಯ ಮನೆಯಲ್ಲಿ ಕೂತಿದ್ದೆವು. ಕುಮುದಿನಿಗೆ ಮತ್ತೆ ನಾಲ್ಕು ತಿಂಗಳಾಗಿತ್ತು. ಅವಳು ನನ್ನ ಕೈ ಹಿಡಿದುಕೊಂಡು, "ಇದು ಹೆಣ್ಣೇ ಆಗಲಿ ಅಕ್ಕ," ಎಂದಳು.

ತಮ್ಮಲೆ ತಲೆ ಎತ್ತಿದರು. "ಹೆಣ್ಣಾದರೆ ಅವಳನ್ನು ಯಾರಿಗೂ ಕೊಡುವುದು ಬೇಡ. ಮನೆಯಲ್ಲೇ ಇರಲಿ, ಲಕ್ಷ್ಮಿಯ ಹಾಗೆ."

ಇನ್ನೂ ಹುಟ್ಟದ ಮಗುವಿನ ಬದುಕೂ ತೀರ್ಮಾನವಾಗಿಹೋಯಿತು. ನನಗೆ ಮೈಯೆಲ್ಲ ಉರಿಯಿತು.

"ಸಾಕು ಮಾಡಿ ತಮ್ಮಲೆ! ಅವಳು ಮೊದಲು ಹುಟ್ಟಲಿ, ದೊಡ್ಡವಳಾಗಲಿ. ಎಲ್ಲ ಬಿಡಿಸಿ ಹೇಳಿ ಅವಳನ್ನೇ ಕೇಳಿ. ನನ್ನನ್ನು ಯಾರಾದರೂ ಕೇಳಿದ್ದು ಉಂಟಾ?"

ಅವರು ಗದರಿಸಲಿಲ್ಲ. "ಕೇಳಿದ್ದರೆ ಎಂತ ಹೇಳ್ತಿದ್ದಿ ಮಗಾ?" ಎಂದರು.

ದೇವದಾಸ್ ಬಾಗಿಲ ಬಳಿಯೇ ಕೂತಿದ್ದ. ಕುಮುದಿನಿಯ ಕೈ ನನ್ನ ಕೈಯಲ್ಲೇ ಇತ್ತು. ಸುಳ್ಳು ಹೇಳಬಹುದಿತ್ತು, ಅದು ಎಲ್ಲರಿಗೂ ಸುಲಭವಾಗುತ್ತಿತ್ತು.

"ಅಂಗಾರ ಸತ್ತದ್ದನ್ನು ನಾನೇ ನೋಡಿದ್ದೇನೆ ತಮ್ಮಲೆ. ಆದರೂ ಇವರನ್ನು ಮದುವೆ ಆಗ್ತೇನೆ ಅಂತಲೇ ಹೇಳ್ತಿದ್ದೆ."

ದೇವದಾಸ್ ಎದ್ದು ಹೊರಗೆ ಹೋದ. ಕುಮುದಿನಿ ನನ್ನ ಕೈ ಬಿಡಲಿಲ್ಲ. ನನ್ನ ಹೆಗಲಿಗೆ ಮುಖ ಒತ್ತಿಕೊಂಡು, ಮಗು ಸತ್ತ ದಿನವೂ ಅಳದಿದ್ದವಳು ಗಟ್ಟಿಯಾಗಿ ಅಳತೊಡಗಿದಳು.